ಮಗುವಿನ ಮೆದುಳು ಎಷ್ಟು ಎಂಎಲ್?

"ರಿಪೋರ್ಟಲ್ಲಿ ಎಷ್ಟು ಎಂಎಲ್ ಅಂತ ಬರೆದೇ ಇಲ್ವಲ್ಲೋ?"

ಅಕ್ಕ ಫೋನಲ್ಲಿ ಕೇಳಿದ ಮೊದಲ ಪ್ರಶ್ನೆ ಇದು. ಅವಳ ಮಗನಿಗೆ ಆಗ 8 ತಿಂಗಳು. ಲಸಿಕೆಗೆ ಹೋದಾಗ ನರ್ಸ್ ಮಗುವಿನ ತಲೆಗೆ ಟೇಪು ಸುತ್ತಿ ನೋಡಿದ್ದಾರೆ. 48 ಸೆಂಟಿಮೀಟರ್. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಆ ವಯಸ್ಸಿನ ಗಂಡುಮಕ್ಕಳ ನಡುಮಟ್ಟ 44.5. ಕಾರ್ಡಿನಲ್ಲಿ ಇವನ ಚುಕ್ಕೆ ಎಲ್ಲಕ್ಕಿಂತ ಮೇಲಿನ ಗೆರೆಯನ್ನೂ ದಾಟಿ ಕೂತಿತು. ಮಗು ನಗುನಗುತ್ತಾ ಆಡಿಕೊಂಡೇ ಇತ್ತು. ಆದರೂ ಡಾಕ್ಟರು "ಯಾವುದಕ್ಕೂ ಒಂದು ಎಂಆರ್‌ಐ ಮಾಡಿಸಿಬಿಡೋಣ" ಅಂದರು. ಮಾಡಿಸಿದ್ದಾಯಿತು, ರಿಪೋರ್ಟೂ ಬಂತು. ಅದರಲ್ಲಿ ಮೂರು ಸಾಲು ವಿವರಣೆ ಇತ್ತು, ಒಂದೇ ಒಂದು ಅಂಕಿ ಇರಲಿಲ್ಲ.

ಅಕ್ಕನ ಸಿಟ್ಟು ನ್ಯಾಯವಾದದ್ದೇ. ಒಂದು ತೊಟ್ಟು ರಕ್ತ ಕೊಟ್ಟರೆ ಹಿಮೋಗ್ಲೋಬಿನ್ ಇಷ್ಟು, ಸಕ್ಕರೆ ಇಷ್ಟು ಅಂತ ಪಟ್ಟಿ ಬರುತ್ತದೆ. ಅಷ್ಟು ದೊಡ್ಡ ಯಂತ್ರದೊಳಗೆ ಕೂಸನ್ನು ಮಲಗಿಸಿದ ಮೇಲೆ ಮೆದುಳು ಇಷ್ಟು ಎಂಎಲ್ ಅಂತ ಹೇಳಬಾರದೇ? ನಾನು ಡಾಕ್ಟರಲ್ಲ. ಚಿತ್ರಗಳ ಮೇಲೆ ಸಾಫ್ಟ್‌ವೇರ್ ಓಡಿಸಿ ಅಳತೆ ತೆಗೆಯುವುದು ನನ್ನ ಹೊಟ್ಟೆಪಾಡು. ಹಾಗಾಗಿ ಈ ಪ್ರಶ್ನೆ ನನ್ನ ಬುಡಕ್ಕೇ ಬಂತು. ಆವತ್ತು ಫೋನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಹೇಳುತ್ತೇನೆ.

ಮೊದಲಿಗೆ ಒಂದು ಮಾತು. ಎಂಆರ್‌ಐ ಯಂತ್ರ ಮೆದುಳನ್ನು ಅಳೆಯುವುದೇ ಇಲ್ಲ. ಅದು ಕೊಡುವುದು ಚಿತ್ರ ಮಾತ್ರ. ಆ ಚಿತ್ರದಲ್ಲಿ ಮೆದುಳು ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತ ಗೆರೆ ಎಳೆಯುವವರು ಬೇರೆ. ಎಂಎಲ್ ಹುಟ್ಟುವುದು ಆ ಗೆರೆಯಿಂದ.

ಬೀಜ ತುಂಬಿ ಅಳೆದ ಕಾಲ

ಮೆದುಳಿನ ಗಾತ್ರ ತಿಳಿಯುವ ಆಸೆ ಹಳೆಯದು. ಸ್ಕ್ಯಾನ್ ಯಂತ್ರಗಳು ಬರುವ ಮೊದಲು ಇದ್ದ ದಾರಿ ಎರಡೇ. ಸತ್ತವರ ಮೆದುಳನ್ನು ತೂಗುವುದು, ಇಲ್ಲವೇ ತಲೆಬುರುಡೆಯೊಳಗೆ ಏನಾದರೂ ತುಂಬಿ ಅಳೆಯುವುದು. ಅಮೆರಿಕದ ಫಿಲಡೆಲ್ಫಿಯಾದ ವೈದ್ಯ ಸ್ಯಾಮ್ಯುಯೆಲ್ ಜಾರ್ಜ್ ಮಾರ್ಟನ್ 1830ರ ದಶಕದಲ್ಲಿ ನೂರಾರು ಬುರುಡೆಗಳನ್ನು ಕಲೆಹಾಕಿ, ಅವುಗಳಿಗೆ ಸಣ್ಣ ಬೀಜಗಳನ್ನು ತುಂಬಿ, ಆಮೇಲೆ ಆ ಬೀಜವನ್ನು ಅಳತೆಯ ಪಾತ್ರೆಗೆ ಸುರಿದು ನೋಡುತ್ತಿದ್ದ. ನಾವು ಪಾವಿನಲ್ಲಿ ಅಕ್ಕಿ ಅಳೆದ ಹಾಗೆ. ಆದರೆ ಪಾವನ್ನು ಒಮ್ಮೆ ಕುಟ್ಟಿದರೆ ಇನ್ನೊಂದು ಹಿಡಿ ಅಕ್ಕಿ ಹಿಡಿಯುತ್ತದೆ, ಅಲ್ವಾ? ಅವನಿಗೂ ಅದೇ ಆಯಿತು. ಅದೇ ಬುರುಡೆಯನ್ನು ಎರಡು ಸಲ ಅಳೆದರೆ ಎರಡು ಉತ್ತರ. ಕೊನೆಗೆ ಬೀಜ ಬಿಟ್ಟು ಸೀಸದ ಗುಂಡು ಹಿಡಿದ. ಆ ಅಂಕಿಗಳನ್ನು ಇಟ್ಟುಕೊಂಡು ಯಾವ ಜನಾಂಗ ಮೇಲು, ಯಾವುದು ಕೀಳು ಅಂತ ಪಟ್ಟಿ ಮಾಡಿದ್ದು ಬೇರೆ ಕಥೆ, ನಾಚಿಕೆಗೇಡಿನ ಕಥೆ. ಮೆದುಳಿನ ಗಾತ್ರ ಅಂದ ಕೂಡಲೇ ನಾನು ಸ್ವಲ್ಪ ಹುಷಾರಾಗುವುದು ಇದಕ್ಕೇ.

ಬದುಕಿರುವ ಮಗುವಿಗೆ ಉಳಿದಿದ್ದು ಟೇಪು ಒಂದೇ. ಟೇಪನ್ನು ಹಗುರವಾಗಿ ನೋಡಬೇಡಿ. ಮೊದಲೆರಡು ವರ್ಷ ಮೆದುಳು ಬೆಳೆದ ಹಾಗೆ ಬುರುಡೆಯೂ ಹಿಗ್ಗುತ್ತದೆ. ನೆತ್ತಿ ಇನ್ನೂ ಮೆತ್ತಗಿರುತ್ತದೆ, ಅಜ್ಜಿ ಹರಳೆಣ್ಣೆ ಒತ್ತುವ ಜಾಗ ಅದೇ. ಹಾಗಾಗಿ ಹೊರಗಿನ ಸುತ್ತಳತೆ ಒಳಗಿನ ಕಥೆಯನ್ನು ತಕ್ಕಮಟ್ಟಿಗೆ ಹೇಳುತ್ತದೆ. ಆದರೆ ಬುರುಡೆಯೊಳಗೆ ಮೆದುಳು ಒಂದೇ ಇರುವುದಿಲ್ಲ. ಮೆದುಳಿನ ಸುತ್ತಲೂ, ಅದರ ನಡುವಿನ ಗೂಡುಗಳಲ್ಲೂ ನೀರಿನಂಥ ದ್ರವ ಇರುತ್ತದೆ. ತಲೆ ದೊಡ್ಡದಾಗಿದ್ದರೆ ಜಾಸ್ತಿ ಇರುವುದು ಮೆದುಳೋ, ನೀರೋ? ಟೇಪಿಗೆ ಗೊತ್ತಾಗುವುದಿಲ್ಲ. ಅಕ್ಕನ ಮಗನನ್ನು ಯಂತ್ರದೊಳಗೆ ಕಳಿಸಿದ್ದು ಈ ಪ್ರಶ್ನೆಗೇ.

ರೇಡಿಯೋ ಕೇಳುವ ಅಯಸ್ಕಾಂತ

ಎಂಆರ್‌ಐಯಲ್ಲಿ ಎಕ್ಸ್‌ರೇ ಇಲ್ಲ, ವಿಕಿರಣದ ಭಯ ಇಲ್ಲ. ಇರುವುದು ದೊಡ್ಡ ಅಯಸ್ಕಾಂತ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾದ್ದು. 3 ಟೆಸ್ಲಾ ಅಂದರೆ ಭೂಮಿಯ ಕಾಂತಬಲದ ಸುಮಾರು 60,000 ಪಟ್ಟು. ನಮ್ಮ ಮೈಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನೀರೇ. ನೀರಿನ ಪ್ರತಿ ಕಣದಲ್ಲೂ ಎರಡು ಹೈಡ್ರೋಜನ್. ಆ ಹೈಡ್ರೋಜನ್‌ನ ಪ್ರೋಟಾನ್‌ಗಳು ಪುಟಾಣಿ ಬುಗುರಿಗಳಂತೆ. ಅಯಸ್ಕಾಂತದೊಳಗೆ ಅವು ಒಂದು ಗೊತ್ತಾದ ವೇಗದಲ್ಲಿ ಓಲಾಡುತ್ತವೆ. ಟೆಸ್ಲಾ ಒಂದಕ್ಕೆ 42.58 ಮೆಗಾಹರ್ಟ್ಜ್. 1.5 ಟೆಸ್ಲಾ ಯಂತ್ರದಲ್ಲಿ ಅದು ಸುಮಾರು 64, 3 ಟೆಸ್ಲಾದಲ್ಲಿ ಸುಮಾರು 128. ಬೆಂಗಳೂರಿನ ಎಫ್‌ಎಂ ರೇನ್‌ಬೋ ಇರುವುದು 101.3ರಲ್ಲಿ. ಅಂದರೆ ನಮ್ಮ ಪ್ರೋಟಾನ್‌ಗಳು ಹಾಡುವುದು ಎಫ್‌ಎಂ ಪಟ್ಟಿಯ ಆಚೀಚೆಯೇ! ಸ್ಕ್ಯಾನ್ ಕೋಣೆಯ ಗೋಡೆಯೊಳಗೆ ತಾಮ್ರದ ಹೊದಿಕೆ ಹಾಕುವುದು ಹೊರಗಿನ ರೇಡಿಯೋ ಅಲೆ ಒಳಗೆ ನುಸುಳದಿರಲಿ ಅಂತ.

ಯಂತ್ರ ಅದೇ ಕಂಪನದಲ್ಲಿ ಒಂದು ರೇಡಿಯೋ ಅಲೆ ಬಿಡುತ್ತದೆ. ಬುಗುರಿಗಳು ಓರೆಯಾಗುತ್ತವೆ. ಅಲೆ ನಿಂತ ಮೇಲೆ ಅವು ತಮ್ಮ ಸದ್ದು ಹೊರಡಿಸುತ್ತಾ ಮೊದಲಿನ ಸ್ಥಿತಿಗೆ ಮರಳುತ್ತವೆ. ಆ ಸದ್ದನ್ನು ಆಂಟೆನಾ ಹಿಡಿಯುತ್ತದೆ. ಯಾವ ಸದ್ದು ತಲೆಯ ಯಾವ ಮೂಲೆಯಿಂದ ಬಂತು ಅಂತ ಗೊತ್ತಾಗುವುದು ಹೇಗೆ? ಇದಕ್ಕೆ ಪಾಲ್ ಲಾಟರ್‌ಬರ್ 1973ರಲ್ಲಿ ತೋರಿಸಿದ ಉಪಾಯ ಬಲು ಸರಳ. ಅಯಸ್ಕಾಂತದ ಬಲವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಚೂರುಚೂರೇ ಏರಿಸಿಬಿಡಿ. ಆಗ ಎಡಗಡೆಯ ಪ್ರೋಟಾನ್ ಒಂದು ಸ್ವರ, ಬಲಗಡೆಯದು ಇನ್ನೊಂದು ಸ್ವರ. ಸ್ವರ ಕೇಳಿ ಜಾಗ ಹೇಳಬಹುದು, ಹಾರ್ಮೋನಿಯಂ ಮನೆಗಳ ಹಾಗೆ. ಈ ಕೆಲಸಕ್ಕೆ ಅವರಿಗೂ ಪೀಟರ್ ಮ್ಯಾನ್ಸ್‌ಫೀಲ್ಡ್‌ಗೂ 2003ರಲ್ಲಿ ನೊಬೆಲ್ ಬಂತು. ಯಂತ್ರದೊಳಗೆ ಟಕಟಕ ಅಂತ ಕಿವಿ ಕಿತ್ತುಹೋಗುವ ಸದ್ದು ಬರುತ್ತದಲ್ಲ, ಅದು ಈ ಏರಿಳಿತ ಮಾಡುವ ಸುರುಳಿಗಳದ್ದು.

ಈ ಏರಿಳಿತದಲ್ಲಿ ಒಂಚೂರು ಹೆಚ್ಚುಕಡಿಮೆ ಆದರೂ ಚಿತ್ರ ಹಿಗ್ಗುತ್ತದೆ. ಲೆಕ್ಕ ಹಾಕಿ ನೋಡಿ. ಮೂರೂ ದಿಕ್ಕಿನಲ್ಲಿ ಬರೀ ಶೇ. 1 ಹಿಗ್ಗಿದರೆ ಗಾತ್ರ ಶೇ. 3 ಜಾಸ್ತಿಯಾಯಿತು. 1,200 ಎಂಎಲ್ ಮೆದುಳಿನಲ್ಲಿ 36 ಎಂಎಲ್ ಸುಳ್ಳು. ಎರಡು ಊಟದ ಚಮಚಕ್ಕಿಂತ ಜಾಸ್ತಿ. ಅದಕ್ಕೇ ಅಳತೆ ಮುಖ್ಯವಾದ ಕಡೆ, ಗಾತ್ರ ಮೊದಲೇ ಗೊತ್ತಿರುವ ಪ್ಲಾಸ್ಟಿಕ್ ಗುಂಡನ್ನು ಆಗಾಗ ಯಂತ್ರದೊಳಗೆ ಇಟ್ಟು ಪರೀಕ್ಷಿಸುತ್ತಾರೆ. ಅಂಗಡಿಯವರ ತೂಕದ ಬಟ್ಟಿಗೆ ಸೀಲು ಹಾಕಿಸಿದ ಹಾಗೆ.

ಕೊಬ್ಬರಿ ಮಿಠಾಯಿ ಲೆಕ್ಕ

ಈಗ ಎಂಎಲ್ ವಿಷಯ. ತಟ್ಟೆಗೆ ಸುರಿದ ಕೊಬ್ಬರಿ ಮಿಠಾಯಿಯನ್ನು ಚೌಕ ಚೌಕ ಕತ್ತರಿಸುತ್ತೇವಲ್ಲ, ಎಂಆರ್‌ಐ ಚಿತ್ರವೂ ಹಾಗೇ. ತಲೆ ಇರುವ ಜಾಗವನ್ನೆಲ್ಲ 1 ಮಿಲಿಮೀಟರ್ ಉದ್ದ, ಅಗಲ, ಎತ್ತರದ ಪುಟ್ಟ ತುಂಡುಗಳಾಗಿ ಕತ್ತರಿಸುತ್ತದೆ. ಈ ತುಂಡಿನ ಹೆಸರು ವಾಕ್ಸೆಲ್. ಪ್ರತಿ ತುಂಡಿಗೂ ಒಂದೇ ಬಣ್ಣ, ಕಪ್ಪಿನಿಂದ ಬಿಳಿಯವರೆಗಿನ ಯಾವುದೋ ಒಂದು ಬೂದು. ಸಾಮಾನ್ಯವಾಗಿ ಒಂದು ಸ್ಕ್ಯಾನಿನಲ್ಲಿ 256 ಗುಣಿಲೆ 256 ಗುಣಿಲೆ 176 ತುಂಡು ಇರುತ್ತವೆ. ಅಂದರೆ ಸುಮಾರು 1.15 ಕೋಟಿ. ಇವುಗಳಲ್ಲಿ ಯಾವುವು ಮೆದುಳು, ಯಾವುವು ಬುರುಡೆ, ಚರ್ಮ, ಕಣ್ಣು, ಸುತ್ತಲಿನ ಗಾಳಿ? ಮೆದುಳಿನ ತುಂಡುಗಳನ್ನು ಮಾತ್ರ ಎಣಿಸಿ. 12 ಲಕ್ಷ ಸಿಕ್ಕರೆ, ಸಾವಿರ ತುಂಡಿಗೆ 1 ಎಂಎಲ್ ಲೆಕ್ಕದಲ್ಲಿ 1,200 ಎಂಎಲ್. ಇಷ್ಟೇ. ಎಣಿಸುವುದು ಒಂದನೇ ಕ್ಲಾಸಿನ ಕೆಲಸ. ಯಾವುದನ್ನು ಎಣಿಸಬೇಕು ಅನ್ನುವುದೇ ಕಷ್ಟ.

ಬಣ್ಣ ನೋಡಿ ಆರಿಸುತ್ತಾರೆ. ದೊಡ್ಡವರ ಮೆದುಳಿನಲ್ಲಿ ಇದು ಸುಲಭ. ನರತಂತುಗಳ ಸುತ್ತ ಮಯಲಿನ್ ಅನ್ನುವ ಕೊಬ್ಬಿನ ಹೊದಿಕೆ ಇರುತ್ತದೆ, ಕರೆಂಟ್ ವೈರಿನ ಪ್ಲಾಸ್ಟಿಕ್ ಸುತ್ತಿನ ಹಾಗೆ. ಕೊಬ್ಬಿನ ಪಕ್ಕದ ನೀರಿನ ಪ್ರೋಟಾನ್ ಬೇಗ ಮೊದಲಿನ ಸ್ಥಿತಿಗೆ ಬರುತ್ತದೆ, ಸುಮ್ನೆ ಹರಿಯುವ ನೀರಿನದು ನಿಧಾನ. ಈ ವೇಗದ ವ್ಯತ್ಯಾಸವನ್ನು ಹಿಡಿಯುವ ಚಿತ್ರಕ್ಕೆ ಟಿ1 ಅನ್ನುತ್ತಾರೆ. ಅದರಲ್ಲಿ ತಂತುಗಳಿರುವ ಬಿಳಿ ಭಾಗ ಬೆಳ್ಳಗೆ, ನರಕೋಶಗಳಿರುವ ಬೂದು ಭಾಗ ಬೂದಿ ಬಣ್ಣ, ದ್ರವ ಕಪ್ಪು. ಈ ಆರಿಸುವ ಕೆಲಸಕ್ಕೆ ಬೋಸ್ಟನ್ನಿನಲ್ಲಿ ಬೆಳೆದ ಫ್ರೀಸರ್ಫರ್, ಆಕ್ಸ್‌ಫರ್ಡಿನ ಎಫ್‌ಎಸ್‌ಎಲ್, ಲಂಡನ್ನಿನ ಎಸ್‌ಪಿಎಂ ಅನ್ನುವ ಸಾಫ್ಟ್‌ವೇರ್‌ಗಳಿವೆ. ಮೂರೂ ಉಚಿತ. ಮೂರಕ್ಕೂ ಒಂದೇ ಸ್ಕ್ಯಾನ್ ಕೊಟ್ಟರೆ ಮೂರು ಬೇರೆ ಬೇರೆ ಅಂಕಿ ಬರುತ್ತದೆ, ಅದೂ ಉಚಿತವೇ.

ಯಾಕೆ ಬೇರೆ? ತಟ್ಟೆಯ ಅಂಚಿನ ತುಂಡುಗಳನ್ನು ನೆನಪಿಸಿಕೊಳ್ಳಿ. ಅರ್ಧ ಮಿಠಾಯಿ, ಅರ್ಧ ಖಾಲಿ. ಮೆದುಳಿನ ಅಂಚಿನ ವಾಕ್ಸೆಲ್ ಕೂಡ ಹಾಗೆ, ಅರ್ಧ ಬೂದು ಭಾಗ, ಅರ್ಧ ನೀರು. ಬಣ್ಣ ಎರಡರ ನಡುವಿನದು. ಅದನ್ನು ಎತ್ತ ಹಾಕುತ್ತೀರಿ? ಮೆದುಳು ಗುಂಡಗೆ ನುಣ್ಣಗಿದ್ದಿದ್ದರೆ ಇದು ದೊಡ್ಡ ವಿಷಯ ಆಗುತ್ತಿರಲಿಲ್ಲ. ಆದರೆ ಅದು ಅಕ್ರೋಟಿನಂತೆ ಮಡಿಕೆ ಮಡಿಕೆ. ಮಡಿಕೆಗಳನ್ನೆಲ್ಲ ಬಿಡಿಸಿ ಹರಡಿದರೆ ಬೆಳೆದ ಮೆದುಳಿನ ಮೇಲ್ಮೈ ಸುಮಾರು 1,800 ಚದರ ಸೆಂಟಿಮೀಟರ್, ಮೂರು ಎ4 ಹಾಳೆಯಷ್ಟು. ಅದರ ದಪ್ಪವೋ, 2ರಿಂದ 4 ಮಿಲಿಮೀಟರ್ ಅಷ್ಟೇ. ಸಾಫ್ಟ್‌ವೇರ್ ಗೆರೆಯನ್ನು ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು ಆಚೆ ಎಳೆದರೆ ಸಾಕು, 18 ಎಂಎಲ್ ಜಾಸ್ತಿ ಬರುತ್ತದೆ. ಕಣ್ಣಿಗೆ ಕಾಣದ ತಪ್ಪು.

ಎಂಟು ತಿಂಗಳಿನ ಬೂದಿ ಬಣ್ಣ

ದೊಡ್ಡವರದ್ದೇ ಹೀಗಾದರೆ ಕೂಸುಗಳದ್ದು ಇನ್ನೂ ತಮಾಷೆ. ಹುಟ್ಟಿದ ಮಗುವಿನ ತಂತುಗಳಿಗೆ ಮಯಲಿನ್ ಹೊದಿಕೆ ಇನ್ನೂ ಹೆಚ್ಚು ಬಂದಿರುವುದಿಲ್ಲ, ಅಲ್ಲಿ ಬರೀ ನೀರು. ಹಾಗಾಗಿ ಬಣ್ಣ ತಲೆಕೆಳಗು. ದೊಡ್ಡವರಲ್ಲಿ ಬೆಳ್ಳಗೆ ಕಾಣಬೇಕಾದ ಭಾಗ ಕೂಸಿನಲ್ಲಿ ಕಪ್ಪಗೆ, ಬೂದು ಭಾಗವೇ ಅದಕ್ಕಿಂತ ಬೆಳ್ಳಗೆ. ತಿಂಗಳು ಕಳೆದಂತೆ ಹೊದಿಕೆ ತುಂಬುತ್ತಾ ಬಣ್ಣ ನಿಧಾನಕ್ಕೆ ತಿರುಗುತ್ತದೆ. ಒಂದು ವರ್ಷ ದಾಟುವ ಹೊತ್ತಿಗೆ ದೊಡ್ಡವರ ಹಾಗೆ ಕಾಣುತ್ತದೆ.

ನಡುವೆ ಒಂದು ಹೊತ್ತು ಬರುತ್ತದೆ. ಸರಿಸುಮಾರು 6ರಿಂದ 8 ತಿಂಗಳು. ಆಗ ಬೂದು ಭಾಗ, ಬಿಳಿ ಭಾಗ ಎರಡೂ ಒಂದೇ ಬಣ್ಣ. ಟಿ1 ಚಿತ್ರದಲ್ಲಿ ಮಡಿಕೆಗಳೆಲ್ಲ ಕಲಸಿದ ಬೂದಿಯ ಹಾಗೆ ಕಾಣುತ್ತವೆ. ದೊಡ್ಡವರಿಗೆಂದು ಬರೆದ ಸಾಫ್ಟ್‌ವೇರ್‌ಗೆ ಇದನ್ನು ಕೊಟ್ಟರೆ ಏನೇನೋ ಉತ್ತರ ಕೊಡುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಂಥ ಒಂದು ಚಿತ್ರವನ್ನು ಹಾಗೇ ಓಡಿಸಿ, ಅರ್ಧ ಮೆದುಳನ್ನೇ ನೀರು ಅಂತ ಎಣಿಸಿದ್ದೆ. ಮೇಲಿನವರು ಚಿತ್ರ ನೋಡಿ, "ಮಗು ಬದುಕಿದೆ ತಾನೇ?" ಅಂತ ಕೇಳಿದ್ದರು. ಕೂಸುಗಳಿಗೆ ಬೇರೆ ಸಾಫ್ಟ್‌ವೇರ್ ಬೇಕು, ಟಿ1 ಜೊತೆಗೆ ಟಿ2 ಅನ್ನುವ ಇನ್ನೊಂದು ಬಗೆಯ ಚಿತ್ರವೂ ಬೇಕು. ಸಾಫ್ಟ್‌ವೇರ್ ಬರೆಯುವವರಿಗೆ 2017ರಲ್ಲಿ 6 ತಿಂಗಳ ಕೂಸುಗಳ ಚಿತ್ರ ಕೊಟ್ಟು, ಯಾರು ಸರಿಯಾಗಿ ಬೇರ್ಪಡಿಸುತ್ತೀರಿ ನೋಡೋಣ ಅಂತ ಐಸೆಗ್ ಹೆಸರಿನ ಸ್ಪರ್ಧೆಯನ್ನೇ ಇಟ್ಟಿದ್ದರು.

ಅಕ್ಕನ ಮಗನನ್ನು ಮಲಗಿಸಿದ್ದು 8 ತಿಂಗಳಿಗೆ! ಎಂಎಲ್ ಲೆಕ್ಕಕ್ಕೆ ಇದಕ್ಕಿಂತ ಕೆಟ್ಟ ಮುಹೂರ್ತ ಸಿಗುವುದು ಕಷ್ಟ.

ಅಲುಗಾಡಬೇಡ ಕಂದಾ

ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಎಲ್ಲರೂ ತಿಳಿದಿರಬೇಕಾದದ್ದು ಅಲುಗಾಟದ ಕಥೆ. ಒಂದು ಒಳ್ಳೆಯ ಟಿ1 ಚಿತ್ರಕ್ಕೆ ಐದಾರು ನಿಮಿಷ ಬೇಕು. ಅಷ್ಟೂ ಹೊತ್ತು ತಲೆ ಅಲುಗಬಾರದು. ಫೋಟೋದಲ್ಲಾದರೆ ಕೈ ಅಲ್ಲಾಡಿದರೆ ಮಸುಕಾಯಿತು ಅಂತ ಕಣ್ಣಿಗೆ ಕಾಣುತ್ತದೆ. ಎಂಆರ್‌ಐಯಲ್ಲಿ ಸಣ್ಣ ಅಲುಗಾಟ ಅಷ್ಟು ಸುಲಭಕ್ಕೆ ಕಾಣುವುದಿಲ್ಲ. ಚಿತ್ರ ಚೆನ್ನಾಗಿಯೇ ಇದೆ ಅನಿಸುತ್ತದೆ. ಆದರೆ ಅಂಚುಗಳು ಕೂದಲೆಳೆಯಷ್ಟು ಮಂಜಾಗಿರುತ್ತವೆ. ಸಾಫ್ಟ್‌ವೇರ್ ಮಂಜಾದ ಅಂಚನ್ನು ಮೆದುಳಲ್ಲ ಅಂತ ಬಿಟ್ಟುಬಿಡುತ್ತದೆ.

2015ರಲ್ಲಿ ಮಾರ್ಟಿನ್ ರಾಯ್ಟರ್ ಮತ್ತು ಜೊತೆಗಾರರು ಇದನ್ನು ನೇರವಾಗಿ ಪರೀಕ್ಷಿಸಿದರು. ದೊಡ್ಡವರನ್ನೇ ಯಂತ್ರದೊಳಗೆ ಮಲಗಿಸಿ, ಒಮ್ಮೆ ಸುಮ್ಮನಿರಿ, ಒಮ್ಮೆ ತಲೆ ಆಡಿಸಿ ಅಂದರು. ಅದೇ ಮನುಷ್ಯ, ಅದೇ ಮೆದುಳು, ಅದೇ ದಿನ. ಆದರೂ ಅಲುಗಾಡಿದಾಗ ಬೂದು ಭಾಗ ಕಡಿಮೆ ಬಂತು, ತೆಳುವಾಗಿಯೂ ಕಂಡಿತು.

ಇದರ ಅರ್ಥ ಏನು ನೋಡಿ. ಕೂತಲ್ಲಿ ಕೂರದ, ಎಡಿಎಚ್‌ಡಿ (ಗಮನ ಒಂದೆಡೆ ನಿಲ್ಲದ ತೊಂದರೆ) ಇರುವ ಮಕ್ಕಳನ್ನೂ ಬೇರೆ ಮಕ್ಕಳನ್ನೂ ಹೋಲಿಸುತ್ತೀರಿ ಅಂದುಕೊಳ್ಳಿ. ಮೊದಲಿನವರು ಯಂತ್ರದೊಳಗೂ ಜಾಸ್ತಿ ಅಲುಗಾಡುತ್ತಾರೆ, ಅದು ಅವರ ಸ್ವಭಾವ. ಅವರ ಬೂದು ಭಾಗ ಕಡಿಮೆ ಬಂದರೆ ಅದು ಮೆದುಳಿನ ವ್ಯತ್ಯಾಸವೋ, ಅಲುಗಾಟದ ಕೈಚಳಕವೋ? ಎರಡೂ ಸ್ವಲ್ಪ ಸ್ವಲ್ಪ ಇರಬಹುದು. ಚಿಕ್ಕ ಮಕ್ಕಳು ದೊಡ್ಡ ಮಕ್ಕಳಿಗಿಂತ ಜಾಸ್ತಿ ಅಲುಗಾಡುತ್ತಾರೆ. ಹಾಗಾಗಿ ವಯಸ್ಸಿನ ಜೊತೆ ಮೆದುಳು ಹೇಗೆ ಬದಲಾಗುತ್ತದೆ ಅನ್ನುವ ಲೆಕ್ಕದಲ್ಲೂ ಇದು ಕೈಯಾಡಿಸುತ್ತದೆ. ಮಕ್ಕಳ ಮೆದುಳಿನ ಬಗ್ಗೆ ಪತ್ರಿಕೆಯಲ್ಲಿ ಏನೇ ಬರಲಿ, ಅಲುಗಾಟಕ್ಕೆ ಏನು ಮಾಡಿದರು ಅನ್ನುವುದನ್ನೇ ನಾನು ಮೊದಲು ಹುಡುಕುವುದು.

ಅಲುಗದಂತೆ ನೋಡಿಕೊಳ್ಳಲು ಬಗೆಬಗೆಯ ಉಪಾಯಗಳಿವೆ. ಆಸ್ಪತ್ರೆಯಲ್ಲಿ ನಿದ್ದೆ ಬರುವ ಸಿರಪ್ಪೋ ಇಂಜೆಕ್ಷನ್ನೋ ಕೊಡುತ್ತಾರೆ. ಬರೀ ಸಂಶೋಧನೆಗೆ ಅಂತ ಆರೋಗ್ಯವಂತ ಮಗುವಿಗೆ ಮದ್ದು ಕೊಟ್ಟು ಮಲಗಿಸುವುದು ಸರಿಯಲ್ಲ. ಅಲ್ಲಿ ಅಮ್ಮಂದಿರ ವಿದ್ಯೆಯೇ ಗತಿ. ಹೊಟ್ಟೆ ತುಂಬ ಹಾಲು ಕುಡಿಸಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಕಿವಿಗೆ ಮೆತ್ತನೆಯ ಮುಚ್ಚಳ ಹಾಕಿ, ಮಗು ತಾನಾಗಿ ನಿದ್ದೆಹೋಗುವವರೆಗೆ ಕಾಯುವುದು. ಲಂಡನ್ನಿನ ದೊಡ್ಡ ನವಜಾತ ಶಿಶು ಯೋಜನೆಯಲ್ಲಿ ನೂರಾರು ಕೂಸುಗಳ ಸ್ಕ್ಯಾನ್ ಆದದ್ದು ಹೀಗೇ, ನಿದ್ದೆಯಲ್ಲಿ. ಅಮೆರಿಕದ 21 ಕೇಂದ್ರಗಳಲ್ಲಿ 9-10 ವರ್ಷದ ಸುಮಾರು 11,900 ಮಕ್ಕಳಿಂದ ಶುರುವಾದ ಎಬಿಸಿಡಿ ಅಧ್ಯಯನದಲ್ಲಿ, ನಿಜವಾದ ಯಂತ್ರಕ್ಕೆ ಮುಂಚೆ ಆಟದ ಯಂತ್ರದಲ್ಲಿ ಮಲಗಿಸಿ ಅಭ್ಯಾಸ ಮಾಡಿಸಿದರು. ಅಯಸ್ಕಾಂತ ಇಲ್ಲದ, ಸದ್ದು ಮಾತ್ರ ಇರುವ ಕೊಳವೆ.

ನಮ್ಮ ಹುಡುಗನ ಕಥೆ ಹೀಗಾಯಿತು. "ರಾತ್ರಿ ಜಾಸ್ತಿ ಮಲಗಿಸ್ಬೇಡಿ ಅಮ್ಮಾ, ಇಲ್ಲಿ ಬಂದ್ಮೇಲೆ ಮಲಗ್ಲಿ" ಅಂತ ಟೆಕ್ನಿಷಿಯನ್ ಮೊದಲೇ ಹೇಳಿದ್ದರು. ಅಕ್ಕ, ಭಾವ ಸರದಿಯ ಮೇಲೆ ರಾತ್ರಿಯಿಡೀ ಅವನನ್ನು ಎಚ್ಚರ ಇಟ್ಟರು. ಕಾರಿನಲ್ಲಿ ಆಸ್ಪತ್ರೆಗೆ ಬರುವ ದಾರಿಯಲ್ಲೇ ಅವನು ಗೊರಕೆ ಹೊಡೆದ. ಯಂತ್ರದ ಮುಂದೆ ಬಂದಾಗ ಕಣ್ಣು ಪಿಳಿಪಿಳಿ. ಸಿರಪ್ ಕೊಟ್ಟರು, ಅರ್ಧ ಉಗುಳಿದ. ಮೊದಲ ಚಿತ್ರ ಮಸುಕಾಯಿತು ಅಂತ ಬಿಸಾಕಿದರು. ಎರಡನೆಯದು ಮುಗಿಯುವ ಹೊತ್ತಿಗೆ ಅಕ್ಕನೇ ಕುರ್ಚಿಯಲ್ಲಿ ನಿದ್ದೆಹೋಗಿದ್ದಳು.

ಅಳತೆ ಏನು ಹೇಳಿತು

ಇಷ್ಟೆಲ್ಲ ಪಾಡುಪಟ್ಟು ತೆಗೆದ ಅಂಕಿಗಳು ಹೇಳುವುದಾದರೂ ಏನು? ನಿಜಕ್ಕೂ ಬೆರಗಾಗುವಂಥದ್ದನ್ನೇ ಹೇಳುತ್ತವೆ.

ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ರೆಬೆಕ್ಕಾ ನಿಕ್‌ಮೇಯರ್ ಮತ್ತು ಜಾನ್ ಗಿಲ್ಮೋರ್ ತಂಡ ಕೂಸುಗಳ ಸ್ಕ್ಯಾನ್ ಮಾಡಿ 2008ರಲ್ಲಿ ಲೆಕ್ಕ ಪ್ರಕಟಿಸಿತು. ಹುಟ್ಟಿದಾಗಿನ ಮೆದುಳು ಮೊದಲ ವರ್ಷದಲ್ಲಿ ಶೇ. 101 ಬೆಳೆಯುತ್ತದೆ. ಎರಡನೇ ವರ್ಷದಲ್ಲಿ ಬರೀ ಶೇ. 15. ಹುಟ್ಟಿದಾಗ 100 ಇದ್ದದ್ದು ಮೊದಲ ಹುಟ್ಟುಹಬ್ಬಕ್ಕೆ 201, ಎರಡನೆಯದಕ್ಕೆ 231. ಇನ್ನೂ ಒಳಗೆ ಹೋದರೆ, ಮೊದಲ ವರ್ಷ ದೊಡ್ಡ ಮೆದುಳಿನ ಬೂದು ಭಾಗ ಶೇ. 149 ಬೆಳೆದರೆ, ಬಿಳಿ ಭಾಗ ಶೇ. 11 ಮಾತ್ರ. ತಲೆಯ ಹಿಂಭಾಗದ ಕಿರುಮೆದುಳು ಶೇ. 240! ಕತ್ತು ನಿಲ್ಲಿಸುವುದು, ಕೂರುವುದು, ಅಂಬೆಗಾಲು, ನಿಲ್ಲುವುದು ಎಲ್ಲ ಆ ವರ್ಷದ್ದೇ. ಮೈಯ ತೂಗಾಟ ಸಂಭಾಳಿಸುವ ಭಾಗವೇ ಎಲ್ಲಕ್ಕಿಂತ ಜೋರಾಗಿ ಬೆಳೆಯುತ್ತದೆ.

ಆಮೇಲೆ? 2022ರಲ್ಲಿ ರಿಚರ್ಡ್ ಬೆತ್ಲೆಹೆಮ್, ಜೇಕಬ್ ಸೈಡ್ಲಿಟ್ಸ್ ಮತ್ತು ನೂರಾರು ಜೊತೆಗಾರರು ಲೋಕದ ನಾನಾ ಕಡೆಯ ಅಧ್ಯಯನಗಳ 1,23,984 ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿದರು. ಹೊಟ್ಟೆಯೊಳಗಿನ ಮಗುವಿನಿಂದ ಹಿಡಿದು 100 ವರ್ಷದ ಮುದುಕರವರೆಗೆ 1,01,457 ಜನ. ಅದರಿಂದ ಅಂಗನವಾಡಿ ಕಾರ್ಡಿನಲ್ಲಿರುವಂಥ ಗೆರೆಗಳನ್ನು ಮೆದುಳಿಗೇ ಎಳೆದರು. ಮೆದುಳಿನ ಹೊರಪದರದ ಬೂದು ಭಾಗ ತುತ್ತತುದಿ ಮುಟ್ಟುವುದು ಸುಮಾರು 6 ವರ್ಷಕ್ಕೆ. ಒಂದನೇ ಕ್ಲಾಸಿಗೆ ಸೇರುವ ವಯಸ್ಸು. ಬಿಳಿ ಭಾಗದ ತುದಿ ಸುಮಾರು 29 ವರ್ಷಕ್ಕೆ.

ಹಾಗಾದರೆ 6 ವರ್ಷದ ನಂತರ ಬೂದು ಭಾಗ ಕಡಿಮೆಯಾಗುತ್ತದೆಯೇ? ಅಳತೆಯಲ್ಲಿ ಹೌದು. ಗಾಬರಿಬೇಡ. ಒಂದು ಕಾರಣ, ಮಗು ಬಳಸದ ನರಕೊಂಡಿಗಳನ್ನು ಮೆದುಳು ತಾನೇ ಕತ್ತರಿಸಿ ಹಾಕುತ್ತದೆ, ಮಲ್ಲಿಗೆ ಬಳ್ಳಿ ಸವರುವ ಹಾಗೆ. ಇನ್ನೊಂದು ಕಾರಣ ನನಗೆ ಹೆಚ್ಚು ಇಷ್ಟ. ಮಯಲಿನ್ ಹೊದಿಕೆ ಬೂದು ಭಾಗದ ಒಳ ಅಂಚಿಗೂ ಹಬ್ಬುತ್ತದೆ. ಆ ಅಂಚು ಚಿತ್ರದಲ್ಲಿ ಬೆಳ್ಳಗಾಗುತ್ತದೆ. ಸಾಫ್ಟ್‌ವೇರ್ ಅದನ್ನು ಬಿಳಿ ಭಾಗಕ್ಕೆ ಸೇರಿಸಿಬಿಡುತ್ತದೆ. ಕೋಶಗಳು ಅಲ್ಲೇ ಇವೆ, ಬಣ್ಣ ಬದಲಾಗಿದೆ. ಸ್ಟ್ಯಾನ್‌ಫರ್ಡಿನ ವೈದೇಹಿ ನಾಟು ಮತ್ತು ಕಲಾನಿತ್ ಗ್ರಿಲ್-ಸ್ಪೆಕ್ಟರ್ ತಂಡ ಮುಖ, ಅಕ್ಷರ ಗುರುತಿಸುವ ಭಾಗದಲ್ಲಿ ಇದನ್ನು 2019ರಲ್ಲಿ ತೋರಿಸಿತು. ತೆಳುವಾಯಿತು ಅಂತ ವರ್ಷಗಟ್ಟಲೆ ಅಂದುಕೊಂಡಿದ್ದರಲ್ಲಿ ಒಂದು ಪಾಲು ಗೆರೆ ಸರಿದದ್ದು.

ಯಾರ ಜೊತೆ ಹೋಲಿಸುವುದು

ಒಂಟಿ ಅಂಕಿಗೆ ಅರ್ಥವಿಲ್ಲ. 1,150 ಎಂಎಲ್ ಅಂದರೆ ಒಳ್ಳೆಯದೋ ಕೆಟ್ಟದ್ದೋ? ವಯಸ್ಸು ಗೊತ್ತಾಗಬೇಕು, ಹುಡುಗನೋ ಹುಡುಗಿಯೋ ತಿಳಿಯಬೇಕು, ಯಾವ ಯಂತ್ರ, ಯಾವ ಸಾಫ್ಟ್‌ವೇರ್ ಅನ್ನುವುದೂ ಬೇಕು. ಸರಾಸರಿಯಲ್ಲಿ ಹುಡುಗರ ಮೆದುಳು ಹುಡುಗಿಯರದ್ದಕ್ಕಿಂತ ಶೇ. 10ರಷ್ಟು ದೊಡ್ಡದು. ಅದರಿಂದ ಜಾಣತನದ ಬಗ್ಗೆ ಏನೂ ತಿಳಿಯುವುದಿಲ್ಲ.

ಯಾವ ಊರಿನ ಮಕ್ಕಳ ಜೊತೆ ಹೋಲಿಸುತ್ತೀರಿ ಅನ್ನುವುದೂ ಮುಖ್ಯ. ಮೇಲೆ ಹೇಳಿದ ಲಕ್ಷ ಜನರ ಪಟ್ಟಿಯಲ್ಲಿ ಹೆಚ್ಚಿನವರು ಯುರೋಪು, ಉತ್ತರ ಅಮೆರಿಕದವರು. ಸಾಫ್ಟ್‌ವೇರ್‌ಗಳು ಗೆರೆ ಎಳೆಯುವಾಗ ಒಂದು ಮಾದರಿ ಮೆದುಳನ್ನು ಪಕ್ಕಕ್ಕಿಟ್ಟುಕೊಳ್ಳುತ್ತವೆ, ದರ್ಜಿ ಅಳತೆಯ ಅಂಗಿ ಇಟ್ಟುಕೊಂಡ ಹಾಗೆ. ಆ ಅಂಗಿಯೂ ಬಹುಪಾಲು ಅಲ್ಲಿನದೇ. ಬೆಂಗಳೂರಿನ ನಿಮ್ಹಾನ್ಸ್‌ನ ಭರತ್ ಹೊಳ್ಳ ಮತ್ತು ಜೊತೆಗಾರರು 2020ರಲ್ಲಿ 6ರಿಂದ 60 ವರ್ಷದ ಭಾರತೀಯರ ಸ್ಕ್ಯಾನ್‌ಗಳಿಂದ ಐದು ವಯೋಮಾನದ ಐದು ಮಾದರಿಗಳನ್ನು ಹೊಲಿದುಕೊಟ್ಟರು. ನಿಮ್ಹಾನ್ಸ್ ಮುಂದಾಳತ್ವದ ಸಿ-ವೇದ ಅಧ್ಯಯನ ಬೆಂಗಳೂರು, ಮೈಸೂರು ಸೇರಿ ದೇಶದ ಏಳು ಕಡೆ 6ರಿಂದ 23 ವರ್ಷದವರನ್ನು ಸೇರಿಸಿಕೊಂಡು, ಅವರಲ್ಲಿ ಒಂದಷ್ಟು ಜನರ ಮೆದುಳಿನ ಸ್ಕ್ಯಾನನ್ನೂ ಮಾಡಿದೆ. 6 ವರ್ಷಕ್ಕಿಂತ ಚಿಕ್ಕವರು ಈ ಎರಡರಲ್ಲೂ ಇಲ್ಲ.

ಚಿಕ್ಕ ಮಕ್ಕಳ ಕಡೆಗೆ ಹೊಸ ದಾರಿಯೊಂದು ತೆರೆಯುತ್ತಿದೆ. 64 ಮಿಲಿಟೆಸ್ಲಾದ ಪುಟ್ಟ ಎಂಆರ್‌ಐ. ಮಾಮೂಲಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಹಾಸಿಗೆಯ ಪಕ್ಕಕ್ಕೇ ತಳ್ಳಿಕೊಂಡು ಬರಬಹುದು. ಚಿತ್ರ ಒರಟು, ಸದ್ದು ಕಡಿಮೆ, ಅಮ್ಮ ಪಕ್ಕದಲ್ಲೇ ಇರಬಹುದು. ದಕ್ಷಿಣ ಆಫ್ರಿಕಾದ ಕೇಪ್ ಟೌನ್ ಮತ್ತು ಮಲಾವಿಯಲ್ಲಿ ಕೂಸುಗಳ ಬೆಳವಣಿಗೆ ನೋಡಲು ಇದನ್ನೇ ಬಳಸುತ್ತಿದ್ದಾರೆ.

ಮಂಡೆ ದೊಡ್ಡದು, ಬುದ್ಧಿ?

ನೆಂಟರೆಲ್ಲ ಕೇಳಿದ್ದು ಇದನ್ನೇ. ಮೆದುಳಿನ ಗಾತ್ರಕ್ಕೂ ಬುದ್ಧಿ ಪರೀಕ್ಷೆಯ ಅಂಕಕ್ಕೂ ನಂಟು ಇದೆ, ಆದರೆ ತೆಳು ನಂಟು. ಅನೇಕ ಅಧ್ಯಯನಗಳನ್ನು ಸೇರಿಸಿ 2015ರಲ್ಲಿ ಯಾಕೋಬ್ ಪೀಚ್‌ನಿಗ್ ತಂಡ ಲೆಕ್ಕ ಹಾಕಿದಾಗ, ಅಂಕಗಳ ಏರುಪೇರಿನಲ್ಲಿ ಗಾತ್ರದ ಪಾಲು ಶೇ. 6 ಅಷ್ಟೇ ಬಂತು. ಅದನ್ನು ನೋಡಿ ಒಂದು ಮಗುವಿನ ಭವಿಷ್ಯ ಹೇಳುವುದು ಗಿಣಿಶಾಸ್ತ್ರಕ್ಕೆ ಸಮ.

ಆಟಿಸಂ ಬಗ್ಗೆಯೂ ಕೇಳುತ್ತಾರೆ. 2017ರಲ್ಲಿ ಹೆದರ್ ಹ್ಯಾಜ್‌ಲೆಟ್ ತಂಡ ಆಟಿಸಂ ಇರುವ ಅಣ್ಣನೋ ಅಕ್ಕನೋ ಇರುವ ಕೂಸುಗಳನ್ನು 6, 12, 24 ತಿಂಗಳಿಗೆ ಸ್ಕ್ಯಾನ್ ಮಾಡಿತು. ಮುಂದೆ ಆಟಿಸಂ ಗುರುತಾದ ಮಕ್ಕಳಲ್ಲಿ ಮೆದುಳಿನ ಮೇಲ್ಮೈ 6ರಿಂದ 12 ತಿಂಗಳ ನಡುವೆ ಅತಿವೇಗವಾಗಿ ಹರಡಿತ್ತು, ಗಾತ್ರ ಎರಡನೇ ವರ್ಷದಲ್ಲಿ ಏರಿತ್ತು. ಒಳ್ಳೆಯ ಸಂಶೋಧನೆ. ಆದರೆ ಅದು ಅಂಥ ಮನೆಗಳ ಮಕ್ಕಳ ಬಗ್ಗೆ, ಸರಣಿ ಸ್ಕ್ಯಾನ್‌ಗಳ ಬಗ್ಗೆ. ಒಂದು ಸಲ ಎಂಆರ್‌ಐ ಮಾಡಿ ಮಗುವಿಗೆ ಆಟಿಸಂ ಇದೆ, ಇಲ್ಲ ಅಂತ ಹೇಳಲು ಬರುವುದಿಲ್ಲ. ಯಾರಾದರೂ ಹೇಳುತ್ತೇವೆ ಅಂದರೆ ಬಾಗಿಲ ಕಡೆ ನಡೆಯಿರಿ.

ಗಾತ್ರ ನಿಜಕ್ಕೂ ಮಾತಾಡುವುದು ಗುಂಪುಗಳಲ್ಲಿ. ಸರ್ವಾಧಿಕಾರಿ ಚೌಷೆಸ್ಕು ಕಾಲದ ರೊಮೇನಿಯಾದ ಅನಾಥಾಲಯಗಳಲ್ಲಿ ಎತ್ತಿ ಮುದ್ದಾಡುವವರಿಲ್ಲದೆ ಬೆಳೆದ ಮಕ್ಕಳನ್ನು 1990ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಮನೆಗಳು ದತ್ತು ತೆಗೆದುಕೊಂಡವು. ಒಳ್ಳೆಯ ಊಟ, ಒಳ್ಳೆಯ ಶಾಲೆ, ಪ್ರೀತಿ ಎಲ್ಲ ಸಿಕ್ಕಿತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದು ಅವರು ದೊಡ್ಡವರಾದ ಮೇಲೆ ಸ್ಕ್ಯಾನ್ ಮಾಡಿ 2020ರಲ್ಲಿ ಪ್ರಕಟಿಸಿದ ಲೆಕ್ಕ ಇದು. ಇಂಗ್ಲೆಂಡಿನಲ್ಲೇ ಹುಟ್ಟಿ ದತ್ತು ಹೋದವರಿಗಿಂತ ಅವರ ಮೆದುಳು ಸರಾಸರಿ ಶೇ. 8.6 ಚಿಕ್ಕದಿತ್ತು. ಅನಾಥಾಲಯದಲ್ಲಿ ಹೆಚ್ಚು ತಿಂಗಳು ಕಳೆದಷ್ಟೂ ಇನ್ನೂ ಚಿಕ್ಕದು.

ಒಂದೇ ಮಗುವಿಗೆ ಗಾತ್ರ ಕೆಲಸಕ್ಕೆ ಬರುವುದು, ಅದೇ ಮಗುವನ್ನು ಸ್ವಲ್ಪ ಕಾಲದ ನಂತರ ಮತ್ತೆ ನೋಡಿದಾಗ. ಮೆದುಳಿನ ಗೂಡುಗಳಲ್ಲಿ ನೀರು ಏರುತ್ತಿದೆಯೇ, ಅವಧಿಗೆ ಮುಂಚೆ ಹುಟ್ಟಿದ ಕೂಸಿನ ಮೆದುಳು ಬೆಳೆಯುತ್ತಿದೆಯೇ ಅನ್ನುವುದಕ್ಕೆಲ್ಲ ಹೋಲಿಕೆ ಬೇಕು. ಉಳಿದಂತೆ ದಿನನಿತ್ಯದ ರಿಪೋರ್ಟಿನಲ್ಲಿ ರೇಡಿಯಾಲಜಿಸ್ಟ್ ಎಂಎಲ್ ಎಣಿಸುವುದಿಲ್ಲ. ಸಾವಿರಾರು ಮಕ್ಕಳ ಚಿತ್ರ ನೋಡಿ ಪಳಗಿದ ಕಣ್ಣಿನಿಂದ ನೋಡಿ "ವಯಸ್ಸಿಗೆ ತಕ್ಕಂತಿದೆ" ಅಂತ ಬರೆಯುತ್ತಾರೆ. ಆರು ತಿಂಗಳ ಬೂದಿ ಬಣ್ಣದಲ್ಲಿ ಸಾಫ್ಟ್‌ವೇರ್ ದಾರಿ ತಪ್ಪಬಹುದು, ಆ ಕಣ್ಣು ಅಷ್ಟು ಸುಲಭಕ್ಕೆ ತಪ್ಪುವುದಿಲ್ಲ.

ನಮ್ಮ ಹುಡುಗನ ಮೂರು ಸಾಲಿನ ಅರ್ಥವೂ ಅದೇ. ಮೆದುಳು ವಯಸ್ಸಿಗೆ ತಕ್ಕಂತಿದೆ. ಒಳಗಿನ ಗೂಡುಗಳು ಸರಿಯಾಗಿವೆ. ಮೆದುಳಿನ ಹೊರಗೆ, ಬುರುಡೆಗೆ ಅಂಟಿದ ಜಾಗದಲ್ಲಿ ನೀರು ಕೊಂಚ ಜಾಸ್ತಿ. ದೊಡ್ಡ ತಲೆಯ ಕೂಸುಗಳಲ್ಲಿ ಇದು ಆಗಾಗ ಕಾಣುವಂಥದ್ದು, ಸಾಮಾನ್ಯವಾಗಿ ಎರಡು ವರ್ಷದ ಹೊತ್ತಿಗೆ ತಾನೇ ಸರಿಹೋಗುತ್ತದೆ. ಮನೆತನದಲ್ಲೇ ಬಂದಿರುವುದೂ ಉಂಟು. ಡಾಕ್ಟರು ರಿಪೋರ್ಟ್ ಮಡಚಿಟ್ಟು, ಮೇಜಿನ ಮೇಲಿದ್ದ ಟೇಪು ಎತ್ತಿಕೊಂಡು ಭಾವನನ್ನು ಹತ್ತಿರ ಕರೆದರು.

60.5 ಸೆಂಟಿಮೀಟರ್.

"ಅದಕ್ಕೇ ನೋಡಿ ಸಾರ್, ನಂಗೆ ಯಾವ ಹೆಲ್ಮೆಟ್ಟೂ ಕೂರಲ್ಲ" ಅಂದರಂತೆ ಭಾವ.